ಓದುವ ಮೊದಲೇ ಬೆಂಕಿ ಯಾಕೆ?



ಪ್ರತಿ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ ಒಂದು ವಿಚಿತ್ರ ಜಾತ್ರೆ ನಡೆಯುತ್ತದೆ. ಯಾರೋ ಎಲ್ಲೋ ಬೇಡವೆಂದ ಪುಸ್ತಕಗಳನ್ನೇ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಜೋಡಿಸುತ್ತಾರೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ನಿಂತು ಅವುಗಳ ಪುಟಗಳನ್ನು ಗಟ್ಟಿಯಾಗಿ ಓದುತ್ತಾರೆ. ಇದು 1982ರಲ್ಲಿ ಶುರುವಾದ 'ನಿಷೇಧಿತ ಪುಸ್ತಕಗಳ ವಾರ'.

ಅಮೆರಿಕ ಸ್ವರ್ಗವೆಂದು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಲ್ಲಿನ ಗ್ರಂಥಾಲಯ ಸಂಘದ ಲೆಕ್ಕದಂತೆ 2023 ಒಂದೇ ವರ್ಷದಲ್ಲಿ 4,240 ಪುಸ್ತಕಗಳ ಮೇಲೆ ತಕರಾರು ಬಂದಿತ್ತು. ನೊಬೆಲ್ ಪಡೆದ ಟೋನಿ ಮಾರಿಸನ್ನರ 'ದಿ ಬ್ಲೂಯೆಸ್ಟ್ ಐ' ಕಾದಂಬರಿಯನ್ನೂ ಬಿಟ್ಟಿಲ್ಲ. 2022ರಲ್ಲಿ ಟೆನೆಸ್ಸಿಯ ಒಂದು ಶಾಲಾ ಮಂಡಳಿ ಯಹೂದಿಗಳ ನರಮೇಧದ ಚಿತ್ರಕಥೆ 'ಮೌಸ್' ಅನ್ನು ಎಂಟನೇ ತರಗತಿಯ ಪಾಠದಿಂದ ಕಿತ್ತುಹಾಕಿತು. ಫಲ? ಆ ಪುಸ್ತಕಕ್ಕೆ ಎಲ್ಲಿಲ್ಲದ ಬೇಡಿಕೆ!

ಅಲ್ಲಿ ತೆಗೆಸುವವರು ಇದ್ದಾರೆ, ಹಟ ಹಿಡಿದು ಓದುವವರೂ ಇದ್ದಾರೆ. ಗ್ರಂಥಪಾಲಕರೇ ಮುಂದೆ ನಿಲ್ಲುತ್ತಾರೆ. ನಮ್ಮಲ್ಲಿ?

1988ರಲ್ಲಿ ರಶ್ದಿಯವರ 'ದಿ ಸಟಾನಿಕ್ ವರ್ಸಸ್' ಆಮದಿಗೆ ತಡೆ ಬಿತ್ತು. ಮೂವತ್ತಾರು ವರ್ಷ ನಾವೆಲ್ಲ ನಂಬಿಕೊಂಡು ಕುಳಿತೆವು. ಆ ಆದೇಶದ ಪ್ರತಿ ಎಲ್ಲಿ ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿನಲ್ಲಿ ಎದ್ದಾಗ, ಹಾಜರುಪಡಿಸಲು ಅಧಿಕಾರಿಗಳ ಕೈಯಲ್ಲಿ ಕಾಗದವೇ ಇಲ್ಲ! ಅಂಥ ಅಧಿಸೂಚನೆ ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು 2024ರ ನವೆಂಬರ್‌ನಲ್ಲಿ ಕೋರ್ಟು ಹೇಳಿತು. ಕಾಣದ ಕಾಗದಕ್ಕೆ ಒಂದು ತಲೆಮಾರೇ ಹೆದರಿತ್ತು ನೋಡಿ.

ದೆಹಲಿ ಮಾತು ಬಿಡಿ. ಪಿ.ವಿ. ನಾರಾಯಣರ 'ಧರ್ಮಕಾರಣ' ನಮ್ಮ ಕನ್ನಡದ್ದೇ ಕಾದಂಬರಿ. ಬಸವಣ್ಣನವರ ಅಕ್ಕನ ಚಿತ್ರಣದ ಬಗ್ಗೆ ಗದ್ದಲವೆದ್ದು ನಮ್ಮ ಸರ್ಕಾರವೇ ಅದನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ತೀರ್ಪು ಸರ್ಕಾರದ ಪರವಾಗಿಯೇ ಬಂತು. ಭಕ್ತರಿಗೆ ನೋವಾಗಿದ್ದು ಸುಳ್ಳೆನ್ನುವುದಿಲ್ಲ. ಆದರೆ ಆ ಪುಸ್ತಕಕ್ಕೆ ಇನ್ನೊಂದು ಪುಸ್ತಕ ಬರೆದು ಉತ್ತರ ಕೊಡಬಹುದಿತ್ತಲ್ಲ? ಇಂದಿನ ಹುಡುಗ ಹುಡುಗಿಯರು ಆ ವಾದ ಪ್ರತಿವಾದ ಎರಡನ್ನೂ ಕಳೆದುಕೊಂಡರು.

ನಮ್ಮನ್ನೂ ಸೇರಿಸಿಯೇ ಹೇಳುತ್ತೇವೆ. ಬಾವುಟ ಹಿಡಿದು ಬೀದಿಗಿಳಿಯುವ ನಮ್ಮವರಲ್ಲಿ, ಸುಡಬೇಕೆಂದು ಕೂಗುವ ಪುಸ್ತಕದ ಹತ್ತು ಪುಟ ಓದಿದವರೆಷ್ಟು? ಕೇಳಿದರೆ ಸಿಟ್ಟು ಬರುತ್ತದೆ. ಬರಲಿ.

ಕಾನೂನನ್ನಾದರೂ ತಿಳಿದುಕೊಳ್ಳಿ. ಸರ್ಕಾರಕ್ಕೆ ಮುಟ್ಟುಗೋಲಿನ ಅಧಿಕಾರವಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ. ಆದರೆ ತನಗೆ ತೋಚಿದಂತೆ ಮಾಡುವಂತಿಲ್ಲ, ಆಧಾರಗಳನ್ನು ಆದೇಶದಲ್ಲೇ ಬರೆಯಬೇಕು. ಬರೆಯದ ಆದೇಶವನ್ನು ಸುಪ್ರೀಂ ಕೋರ್ಟು 1961ರಲ್ಲೇ ಎತ್ತಿ ಬಿಸಾಡಿದೆ. ಆ ಪುಸ್ತಕದಲ್ಲಿ ಹಿತಾಸಕ್ತಿ ಇರುವ ಯಾರೇ ಆಗಲಿ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಕೇಳುವುದು ಮೂವರು ನ್ಯಾಯಮೂರ್ತಿಗಳ ಪೀಠ.

ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ 1962ರಲ್ಲಿ ತಮ್ಮ ತರಬೇತಿ ಕೇಂದ್ರ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 1972ರ ಸೆಪ್ಟೆಂಬರ್ 27ರಂದು ಕಣ್ಣು ಮುಚ್ಚಿದ್ದೂ ಇಲ್ಲೇ. ಪುಸ್ತಕ ಇರುವುದು ಬೀಗ ಹಾಕಿಡಲಿಕ್ಕಲ್ಲ ಎಂದು 1931ರಲ್ಲೇ ಹೇಳಿದವರು ಅವರು. ಅವರ ತಿಥಿಯೂ ಅಮೆರಿಕದ ಆ ವಾರದ ಆಸುಪಾಸಿನಲ್ಲೇ ಬರುತ್ತದೆ.

ಈ ಸೆಪ್ಟೆಂಬರ್ 27ಕ್ಕೆ ನಿಮ್ಮ ವಿಶ್ವವಿದ್ಯಾನಿಲಯದ ಗ್ರಂಥಪಾಲಕರ ಹತ್ತಿರ ಹೋಗಿ. ಒಂದು ಸಂಜೆ, ಒಂದು ಮೇಜು, ಇಪ್ಪತ್ತು ಕುರ್ಚಿ ಕೇಳಿ. ಮುಟ್ಟುಗೋಲಾದ ಪುಸ್ತಕ ತನ್ನಿ ಎನ್ನುತ್ತಿಲ್ಲ. 2007ರ ಆ ತೀರ್ಪನ್ನೇ ಕನ್ನಡದಲ್ಲಿ ವಿವರಿಸುತ್ತಾ ಓದಿ, ಒಪ್ಪುವವರನ್ನೂ ಒಪ್ಪದವರನ್ನೂ ಒಂದೇ ಮೇಜಿಗೆ ಕರೆಯಿರಿ. ಅನುಮತಿ ಇಲ್ಲ ಎಂದರೆ ಜಗಳ ಬೇಡ, ಘೋಷಣೆಯೂ ಬೇಡ. ಕಾರಣವನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಿ ಎನ್ನಿ.