ಹಳೆಯ ವೂಫರ್‌ಗಳ ದುರಸ್ತಿ: ಕೌಶಲಕ್ಕೆ ತಕ್ಕ ಬೆಲೆ ಸಿಗಬೇಕು

ಯಾವುದೇ ಉಪಕರಣದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಆದರೆ ಲೆಕ್ಕಪುಸ್ತಕದಲ್ಲಿ ಸವಕಳಿಯನ್ನು ಇಡೀ ವಸ್ತುವಿನ ಮೇಲೆ ಬರೆಯುವುದು ರೂಢಿ. ವರ್ಷಗಳು ಉರುಳಿದಂತೆ ಅದರ ಪುಸ್ತಕ ಬೆಲೆ ಶೂನ್ಯದ ಸಮೀಪಕ್ಕೆ ಇಳಿಯುತ್ತದೆ. ವಸ್ತುವು ಮಾತ್ರ ಒಂದೆರಡು ಭಾಗಗಳ ಹೊರತಾಗಿ ಗಟ್ಟಿಯಾಗಿಯೇ ಇರುತ್ತದೆ. ಪುಸ್ತಕದ ಬೆಲೆಗೂ ವಸ್ತುವಿನ ನಿಜವಾದ ಯೋಗ್ಯತೆಗೂ ನಡುವೆ ಇರುವ ಈ ಅಂತರವೇ ದುರಸ್ತಿ ಉದ್ಯಮದ ಆಧಾರ. 1970 ಮತ್ತು 1980ರ ದಶಕಗಳ ಹೈ-ಫೈ ಧ್ವನಿಪೆಟ್ಟಿಗೆಗಳಲ್ಲಿರುವ ವೂಫರ್ ಇದಕ್ಕೆ ಉತ್ತಮ ನಿದರ್ಶನ. ಇಂತಹ ಪೆಟ್ಟಿಗೆಗಳಿಗೆ ಇಂದು ಮತ್ತೆ ಬೇಡಿಕೆ ಕಂಡುಬರುತ್ತಿದೆ. ಅಮೆರಿಕದ ಜೆಬಿಎಲ್ ಸಂಸ್ಥೆಯು 1970ರಲ್ಲಿ ಹೊರತಂದ ತನ್ನ ಎಲ್-100 ಮಾದರಿಯನ್ನು 2018ರಲ್ಲಿ ಹಳೆಯ ರೂಪದಲ್ಲಿಯೇ ಪುನಃ ಮಾರುಕಟ್ಟೆಗೆ ತಂದಿತು ಎಂಬುದೇ ಈ ಅಭಿರುಚಿಗೆ ಸಾಕ್ಷಿ.

ಸವೆಯುವ ಭಾಗ ಯಾವುದು?

ತಗ್ಗಿನ ಸ್ವರಗಳನ್ನು ಹೊರಡಿಸುವ ದೊಡ್ಡ ಸ್ಪೀಕರೇ ವೂಫರ್. ಲೋಹದ ಚೌಕಟ್ಟು, ಹಿಂಬದಿಯ ಮ್ಯಾಗ್ನೆಟ್, ಅದರ ಕಿರಿದಾದ ಸಂದಿನಲ್ಲಿ ಚಲಿಸುವ ಕಾಯಿಲ್, ಕಾಯಿಲ್‌ಗೆ ಅಂಟಿಕೊಂಡ ಕೋನ್, ಅದನ್ನು ಮಧ್ಯದಲ್ಲಿ ಹಿಡಿದಿಡುವ ಸುಕ್ಕುಬಟ್ಟೆಯ ಸ್ಪೈಡರ್, ಕೋನಿನ ಹೊರ ಅಂಚನ್ನು ಚೌಕಟ್ಟಿಗೆ ಸೇರಿಸುವ ಮೆತ್ತನೆಯ ಉಂಗುರ, ಇವು ಅದರ ಮುಖ್ಯ ಅಂಗಗಳು. ಇವುಗಳಲ್ಲಿ ಅತಿ ಅಗ್ಗದ್ದೂ ಅತಿ ಬೇಗ ಹಾಳಾಗುವುದೂ ಆ ಹೊರ ಉಂಗುರವೇ.

ಆ ದಶಕಗಳ ಅನೇಕ ತಯಾರಕರು ಈ ಉಂಗುರಕ್ಕೆ ಪಾಲಿಯುರಿಥೇನ್ ಫೋಮ್ ಬಳಸಿದರು. ಹಗುರ, ಮೃದು, ತಯಾರಿಕೆಗೆ ಸುಲಭ ಎಂಬುದು ಅದರ ಗುಣ. ಆದರೆ ಗಾಳಿಯ ತೇವ, ಓಜೋನ್ ಮತ್ತು ಬಿಸಿಲಿನ ಪ್ರಭಾವದಿಂದ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಅದು ಪುಡಿಯಾಗುತ್ತದೆ. ಬಳಸದೆ ಮುಚ್ಚಿಟ್ಟರೂ ಈ ಕ್ಷಯ ತಪ್ಪುವುದಿಲ್ಲ. ನಮ್ಮ ಕರಾವಳಿಯಂತಹ ತೇವದ ಹವೆ ಅದಕ್ಕೆ ಇನ್ನಷ್ಟು ಪ್ರತಿಕೂಲ. ರಬ್ಬರ್ ಉಂಗುರಗಳೂ ಲೇಪನವಿರುವ ಬಟ್ಟೆಯ ಅಂಚುಗಳೂ ಬಹುಕಾಲ ಬಾಳುತ್ತವೆ. ಫೆರೈಟ್ ಮ್ಯಾಗ್ನೆಟ್ ದಶಕಗಳ ನಂತರವೂ ತನ್ನ ಬಲವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. ಅಂದರೆ, ಅಂಗುಲದಷ್ಟೂ ಅಗಲವಿರದ ಒಂದು ಉಂಗುರ ಉದುರಿದ ಕಾರಣಕ್ಕೆ ಉಳಿದೆಲ್ಲವನ್ನೂ ಗುಜರಿಗೆ ಹಾಕುವ ಪರಿಸ್ಥಿತಿ ಉಂಟಾಗುತ್ತಿದೆ.

ಸದ್ದು ಬಂದ ಮಾತ್ರಕ್ಕೆ ದುರಸ್ತಿಯಾಗದು

ಉಂಗುರವನ್ನು ಬದಲಿಸುವ ರೀಫೋಮಿಂಗ್ ಕೆಲಸವು ನೋಡಲು ಸುಲಭ. ಹಳೆಯ ಫೋಮ್ ಮತ್ತು ಅಂಟನ್ನು ಕೋನ್ ಹರಿಯದಂತೆ ಕೆರೆದು ತೆಗೆಯಬೇಕು. ಕೋನಿನ ವಸ್ತುವಿಗೆ ಹೊಂದುವ ಅಂಟನ್ನು ಆರಿಸಬೇಕು. ಹೊಸ ಉಂಗುರವನ್ನು ಮೊದಲು ಕೋನಿಗೆ, ಬಳಿಕ ಚೌಕಟ್ಟಿಗೆ ಕೂರಿಸಬೇಕು. ಕಾಯಿಲ್ ಮ್ಯಾಗ್ನೆಟ್ಟಿನ ಸಂದಿನಲ್ಲಿ ನಟ್ಟನಡುವೆ ನಿಲ್ಲುವಂತೆ ನೋಡಿಕೊಳ್ಳುವುದೇ ಇಲ್ಲಿನ ಸೂಕ್ಷ್ಮ. ಅದಕ್ಕಾಗಿ ಕೆಲವರು ನಡುವಿನ ಟೋಪಿಯನ್ನು ತೆಗೆದು ಕಾಯಿಲ್‌ನ ಒಳಸುತ್ತಿಗೆ ತೆಳುವಾದ ಪಟ್ಟಿಗಳನ್ನು ತೂರಿಸುತ್ತಾರೆ. ಇನ್ನು ಕೆಲವರು ಅಂಟು ಆರುವ ಮುನ್ನ 30 ಹರ್ಟ್ಸ್‌ನ ಆಸುಪಾಸಿನ ಸ್ವರವನ್ನು ಮೆಲ್ಲನೆ ಹರಿಸಿ ಉಜ್ಜುವ ಸದ್ದಿದೆಯೇ ಎಂದು ಆಲಿಸುತ್ತಾರೆ. ಕೂದಲೆಳೆಯಷ್ಟು ಓರೆಯಾದರೂ ಕಾಯಿಲ್ ಉಜ್ಜಿ ಕೆಡುತ್ತದೆ.

ಇದಕ್ಕಿಂತ ಮುಖ್ಯವಾದುದು ಉಂಗುರದ ಆಯ್ಕೆ. ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಮಾದರಿಯನ್ನು ಹೊರತಂದರು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಂದಕ್ಕೆ ತಳ್ಳುವಂತೆ ಮಾಡಿ, ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ತಗ್ಗುಸ್ವರವನ್ನು ಪಡೆದುದು ಅವರ ಸಾಧನೆ. ಈ ತತ್ತ್ವದಲ್ಲಿ ಕೋನನ್ನು ಹಿಡಿದಿಡುವ ಉಂಗುರ ಮತ್ತು ಸ್ಪೈಡರ್ ಅತ್ಯಂತ ಸಡಿಲವಾಗಿರಬೇಕು. ಮುಂದೆ ಹಲವು ತಯಾರಕರು ಇದೇ ತತ್ತ್ವವನ್ನು ಅನುಸರಿಸಿದರು. ಇಂತಹ ವೂಫರ್‌ಗೆ ಅಳತೆ ಸರಿಹೊಂದಿತೆಂದು ಬಿರುಸಾದ ರಬ್ಬರ್ ಉಂಗುರವನ್ನು ಹಚ್ಚಿದರೆ ಸದ್ದು ಬರುತ್ತದೆ, ಆದರೆ ಯಾವ ಗುಣಕ್ಕಾಗಿ ಪೆಟ್ಟಿಗೆ ಹೆಸರಾಗಿತ್ತೋ ಆ ಆಳ ಹೊರಟುಹೋಗುತ್ತದೆ. ಇದೇ ಕಾರಣಕ್ಕೆ ಜೋಡಿಯಲ್ಲಿ ಒಂದರ ಉಂಗುರ ಮಾತ್ರ ಕೆಟ್ಟಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು. ಇಲ್ಲವಾದರೆ ಎಡಬಲಗಳ ಧ್ವನಿ ಹೊಂದುವುದಿಲ್ಲ.

ನಮ್ಮ ಊರುಗಳ ಸ್ಪೀಕರ್ ದುರಸ್ತಿಗಾರರಿಗೆ ಕೈಚಳಕದ ಕೊರತೆಯಿಲ್ಲ. ಜಾತ್ರೆ, ಮದುವೆ, ಸಭೆಗಳಿಗೆ ಸೌಂಡ್ ಸರ್ವೀಸ್ ನಡೆಸುವವರ ಸ್ಪೀಕರ್‌ಗಳಲ್ಲಿ ಸುಟ್ಟ ಕಾಯಿಲನ್ನೂ ಹರಿದ ಕೋನನ್ನೂ ಬದಲಿಸುವ ರೀಕೋನಿಂಗ್ ಕೆಲಸ ಅವರ ನಿತ್ಯದ ಜೀವನೋಪಾಯ. ಅಲ್ಲಿ ಜೋರಾದ, ಗಟ್ಟಿಯಾದ ಸದ್ದೇ ಗುರಿ. ಹೈ-ಫೈ ಪೆಟ್ಟಿಗೆಗೆ ಅದೇ ಅಳತೆಗೋಲು ಸಲ್ಲದು. ಕೋನ್ ಮತ್ತು ಕಾಯಿಲ್ ಆರೋಗ್ಯವಾಗಿದ್ದರೆ ಅವುಗಳನ್ನು ಮುಟ್ಟದಿರುವುದೇ ಇಲ್ಲಿ ಉತ್ತಮ ದುರಸ್ತಿ. ಸ್ಪೈಡರ್ ಕೊಂಚ ಜೋತುಬಿದ್ದಿದ್ದರೆ ವೂಫರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೂ ಸಾಕಾಗುವ ಸಂದರ್ಭಗಳುಂಟು. ಇಂತಹ ತಿಳಿವಳಿಕೆಗೆ ಗ್ರಾಹಕನು ಹಣ ತೆರಬೇಕು. ದುರಸ್ತಿಗಾರನು ಸಂಕೋಚವಿಲ್ಲದೆ ಕೇಳಬೇಕು.

ದರ ನಿಗದಿಯಲ್ಲಿನ ದೋಷ

ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಬಹುತೇಕ ದುರಸ್ತಿಗಾರರು ಉಂಗುರದ ಬೆಲೆಗೆ ಅಷ್ಟಿಷ್ಟು ಕೂಲಿ ಸೇರಿಸಿ ಬಾಯಿಮಾತಿನಲ್ಲಿ ದರ ಹೇಳುತ್ತಾರೆ. ಕೇವಲ ಉದಾಹರಣೆಗಾಗಿ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ಬಾಡಿಗೆ, ವಿದ್ಯುತ್ ಮತ್ತು ದುರಸ್ತಿಗಾರನ ಸ್ವಂತ ದುಡಿಮೆಯ ವೇತನ ಸೇರಿ ತಿಂಗಳ ವೆಚ್ಚ 40,000 ರೂ. ಎಂದಿರಲಿ. ತಿಂಗಳಿಗೆ 25 ದಿನ, ದಿನಕ್ಕೆ 6 ಗಂಟೆ ನಿಜವಾದ ಕೆಲಸ ಎಂದರೆ 150 ಗಂಟೆಗಳಾದವು. ಗಂಟೆಗೆ ಸುಮಾರು 267 ರೂ. ಜೋಡಿ ವೂಫರ್‌ಗಳಿಗೆ 4 ಗಂಟೆ ಹಿಡಿದರೆ ಸುಮಾರು 1,070 ರೂ., ಉಂಗುರ ಹಾಗೂ ಅಂಟಿಗೆ 600 ರೂ., ಒಟ್ಟು 1,670 ರೂ. ಕೆಲಸ ಕೆಟ್ಟರೆ ಆಗುವ ನಷ್ಟದ ಭಯಕ್ಕೂ ಲಾಭಕ್ಕೂ ಶೇ. 20 ಸೇರಿಸಿದರೆ 2,000 ರೂ. ಆಗುತ್ತದೆ. ಇದೇ ಕೆಲಸವನ್ನು 1,000 ರೂ.ಗೆ ಒಪ್ಪಿಕೊಳ್ಳುವವನು ಲಾಭ ಗಳಿಸುವುದಿರಲಿ, ತನ್ನ ಕೂಲಿಯನ್ನೇ ಗ್ರಾಹಕನಿಗೆ ದಾನ ಮಾಡುತ್ತಿರುತ್ತಾನೆ. ಇಂತಹ ಅಂಗಡಿಯಲ್ಲಿ ಕೂರಲು ಮಗನೂ ಒಪ್ಪುವುದಿಲ್ಲ, ಶಿಷ್ಯನೂ ಬರುವುದಿಲ್ಲ. ಕಸುಬು ಅಳಿಯುವುದು ಗಿರಾಕಿಗಳ ಕೊರತೆಯಿಂದ ಮಾತ್ರವಲ್ಲ, ಲೆಕ್ಕದ ಕೊರತೆಯಿಂದಲೂ ಹೌದು.

ಪರೀಕ್ಷೆಗೆ ಪ್ರತ್ಯೇಕ ಶುಲ್ಕ ವಿಧಿಸುವುದು ಮೊದಲ ಹೆಜ್ಜೆ. ಕೋನನ್ನು ಬೆರಳುಗಳಿಂದ ಸಮನಾಗಿ ಒತ್ತಿ ಉಜ್ಜುವಿಕೆಯನ್ನು ಗಮನಿಸುವುದು, ಮೀಟರಿನಲ್ಲಿ ಕಾಯಿಲ್‌ನ ರೋಧವನ್ನು ಅಳೆಯುವುದು, ಇವೆರಡರಿಂದಲೇ ಬಹಳಷ್ಟು ತಿಳಿಯುತ್ತದೆ. 8 ಓಮ್‌ನ ವೂಫರ್ ಸಾಮಾನ್ಯವಾಗಿ 5.5ರಿಂದ 7 ಓಮ್ ತೋರಿಸುತ್ತದೆ. ಫಲಿತಾಂಶವನ್ನೂ ಅಂದಾಜು ವೆಚ್ಚವನ್ನೂ ಬರಹದಲ್ಲಿ ಕೊಟ್ಟರೆ ಮುಂದಿನ ತಕರಾರು ತಪ್ಪುತ್ತದೆ. ಸಾಧಾರಣ ದರ್ಜೆಯ ಪೆಟ್ಟಿಗೆಗೆ ದುರಸ್ತಿಯ ವೆಚ್ಚ ಹೊಂದುವುದಿಲ್ಲವೆಂದಾದರೆ ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಬೇಡವೆಂದು ಹೇಳಿದ ಒಂದು ಕೆಲಸ ಹತ್ತು ಗಿರಾಕಿಗಳ ವಿಶ್ವಾಸವನ್ನು ತರುತ್ತದೆ.

ಹಳೆಯ ಪೆಟ್ಟಿಗೆಗಳ ಮಾರಾಟ ಮತ್ತು ತೆರಿಗೆ

ಹಳೆಯ ಪೆಟ್ಟಿಗೆಗಳನ್ನು ಕೊಂಡು, ಸರಿಪಡಿಸಿ ಮಾರುವ ನೋಂದಾಯಿತ ವರ್ತಕರು ಜಿಎಸ್‌ಟಿ ನಿಯಮಾವಳಿಯ 32(5)ನೇ ನಿಯಮವನ್ನು ಗಮನಿಸಬೇಕು. ಬಳಸಿದ ವಸ್ತುವನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯೊಂದಿಗೆ ಮಾರಿದಲ್ಲಿ, ಆ ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದಲ್ಲಿ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. 8,000 ರೂ.ಗೆ ಕೊಂಡು 14,000 ರೂ.ಗೆ ಮಾರಿದರೆ ತೆರಿಗೆ ಲೆಕ್ಕ ಹಾಕುವುದು 6,000 ರೂ. ಮೇಲೆ. ದುರಸ್ತಿಗೆ ಮಾಡಿದ ವೆಚ್ಚವನ್ನು ಇಲ್ಲಿ ಕಳೆಯುವಂತಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಮಾರಾಟದ ಬೆಲೆ ನಿಗದಿಪಡಿಸುವಾಗಲೇ ಅದನ್ನು ಎಣಿಸಿಕೊಳ್ಳಬೇಕು. ಈ ಸೌಲಭ್ಯಕ್ಕೆ ಖರೀದಿಯ ರಸೀದಿ ಮತ್ತು ದಾಸ್ತಾನು ಪುಸ್ತಕವೇ ಆಧಾರ.

ತೆರಿಗೆಗಿಂತಲೂ ಗಂಭೀರವಾದುದು ಸತ್ಯನಿವೇದನೆ. ಮೂಲ ವೂಫರನ್ನು ಕಿತ್ತು ಅಗ್ಗದ ಬೇರೊಂದನ್ನು ಕೂರಿಸಿ, ಮುಂಭಾಗದ ಜಾಲರಿ ಮುಚ್ಚಿ, ‘ಒರಿಜಿನಲ್’ ಎಂದು ಮಾರುವುದು ವ್ಯಾಪಾರವಲ್ಲ, ವಂಚನೆ. ಏನು ಬದಲಾಗಿದೆ, ಏನು ಮೂಲದ್ದು ಎಂಬುದನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕು. ತೆಗೆದ ಭಾಗಗಳನ್ನು ಗ್ರಾಹಕನಿಗೆ ಹಿಂತಿರುಗಿಸಬೇಕು. ಒಳ್ಳೆಯ ರೀಫೋಮಿಂಗ್ ಆದ ಪೆಟ್ಟಿಗೆಯೆಂದು ಬಹಿರಂಗವಾಗಿ ಹೇಳಿ ಮಾರಿದರೆ ಬೆಲೆ ಕುಗ್ಗುವುದಿಲ್ಲ. ಪುಡಿಯಾಗಲಿರುವ ಹಳೆಯ ಫೋಮಿಗಿಂತ ಅದನ್ನೇ ಬಲ್ಲವರು ಬಯಸುತ್ತಾರೆ.

ಬಿಡಿಭಾಗ ತಯಾರಕರಿಗೆ ಅವಕಾಶ

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಕುರಿತು ಜುಲೈ 2022ರಲ್ಲಿ ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಆರಂಭಿಸಿತು. ಇದು ಸ್ವಾಗತಾರ್ಹ. ಆದರೆ ತಯಾರಿಕೆಯನ್ನೇ ನಿಲ್ಲಿಸಿದ, ಮಾಲೀಕತ್ವ ಕೈಬದಲಾದ ಹಳೆಯ ಕಂಪನಿಗಳಿಂದ ಬಿಡಿಭಾಗ ನಿರೀಕ್ಷಿಸುವಂತಿಲ್ಲ. ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯೇ 1967ರಲ್ಲಿ ಬೇರೆಯವರ ಪಾಲಾಯಿತು. ಈ ಕೊರತೆಯನ್ನು ತುಂಬಬಲ್ಲವರು ಸಣ್ಣ ಉದ್ಯಮಿಗಳು.

ಇಂದು ಉಂಗುರಗಳು ‘8 ಇಂಚು’, ‘10 ಇಂಚು’, ‘12 ಇಂಚು’ ಎಂಬ ಸ್ಥೂಲ ಹೆಸರಿನಲ್ಲಿ ಬಿಕರಿಯಾಗುತ್ತವೆ. ದುರಸ್ತಿಗಾರನಿಗೆ ಬೇಕಾದುದು ಕೋನಿನ ವ್ಯಾಸ, ಉಂಗುರದ ಒಳ-ಹೊರ ವ್ಯಾಸಗಳು, ಉಬ್ಬಿನ ಅಗಲ, ಒಳ ಅಂಚಿನ ಓರೆ, ಫೋಮಿನ ದಪ್ಪ ಮತ್ತು ಮೃದುತ್ವ. ಇವುಗಳನ್ನು ಮಿಲಿಮೀಟರಿನಲ್ಲಿ ಮುದ್ರಿಸಿದ ಒಂದು ಪಟ್ಟಿ, ಪ್ರತಿ ಅಚ್ಚಿಗೂ ಒಂದು ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷದ ನಮೂದು ಇಷ್ಟಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ವರ್ತಕನೂ ಜಿಲ್ಲಾ ಕೇಂದ್ರದ ದುರಸ್ತಿಗಾರನೂ ಒಂದೇ ಭಾಷೆಯಲ್ಲಿ ವ್ಯವಹರಿಸಬಹುದು. ತಯಾರಿಕೆಯ ದಿನಾಂಕ ಅತ್ಯವಶ್ಯ. ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಫೋಮ್ ಹೊಸದಾಗಿ ಕಂಡರೂ ಅದರ ಆಯುಷ್ಯದ ಒಂದು ಪಾಲು ಆಗಲೇ ಕಳೆದಿರುತ್ತದೆ.

ಈ ಮಾರುಕಟ್ಟೆ ದೊಡ್ಡದಲ್ಲ. ಇದನ್ನು ನಂಬಿ ಭಾರಿ ಬಂಡವಾಳ ಹೂಡುವುದು ವಿವೇಕವಲ್ಲ. ಸೌಂಡ್ ಸರ್ವೀಸ್ ಸ್ಪೀಕರ್‌ಗಳ ಬಿಡಿಭಾಗಗಳನ್ನು ಈಗಾಗಲೇ ತಯಾರಿಸುತ್ತಿರುವವರು ಕೆಲವೇ ಅಚ್ಚುಗಳನ್ನು ಹೆಚ್ಚುವರಿಯಾಗಿ ಮಾಡಿಸಿಕೊಂಡು ಈ ಕ್ಷೇತ್ರಕ್ಕೆ ಕಾಲಿಡಬಹುದು. ವಾಣಿಜ್ಯ ಸಂಸ್ಥೆಗಳು ತಮ್ಮ ಕಡೆಯಿಂದ ದುರಸ್ತಿಗಾರರಿಗೆ ದರ ನಿಗದಿ, ಅಂದಾಜುಪಟ್ಟಿ ಮತ್ತು ಬಿಲ್ಲಿನ ಮಾದರಿಯ ಕುರಿತು ಒಂದು ದಿನದ ಕಾರ್ಯಾಗಾರ ನಡೆಸಿದರೂ ಅದು ಉಪಯುಕ್ತ ಸೇವೆಯಾದೀತು. ಕೌಶಲ ಅವರಲ್ಲಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಬಂದಲ್ಲಿ, ಮುಂದಿನ ಪೀಳಿಗೆಯೂ ಆ ಕಸುಬಿನಲ್ಲಿ ಕೂರಲು ಮನಸ್ಸು ಮಾಡೀತು.