ವೈನ್ ವ್ಯಾಪಾರಕ್ಕೆ ಋತುಜ್ಞಾನವೇ ಬಂಡವಾಳ

ಕರ್ನಾಟಕದ ಬಹುತೇಕ ಪಟ್ಟಣಗಳ ಪೇಟೆಬೀದಿಯಲ್ಲಿ ‘ವೈನ್ಸ್’ ಎಂಬ ಫಲಕ ಹೊತ್ತ ಅಂಗಡಿಯೊಂದು ಕಾಣಸಿಗುತ್ತದೆ. ಆದರೆ ಅಲ್ಲಿ ಮಾರಾಟವಾಗುವ ಸರಕಿನಲ್ಲಿ ವೈನ್‌ನ ಪಾಲು ಅತ್ಯಲ್ಪ. ವಿಸ್ಕಿ, ಬ್ರಾಂದಿ, ರಮ್ ಮತ್ತು ಬಿಯರ್‌ಗಳ ಸಾಲಿನ ಕೊನೆಯಲ್ಲಿ ನಾಲ್ಕಾರು ವೈನ್ ಸೀಸೆಗಳು ಧೂಳು ಹಿಡಿದು ನಿಂತಿರುತ್ತವೆ. ಫಲಕಕ್ಕೂ ಸರಕಿಗೂ ಇರುವ ಈ ಅಂತರವು ರಾಜ್ಯದ ಒಂದು ಕೃಷಿ ಆಧಾರಿತ ಉದ್ಯಮದ ಮುಖ್ಯ ಕೊರತೆಯನ್ನು ತೋರಿಸುತ್ತದೆ. ಕೊರತೆ ಇರುವುದು ಉತ್ಪಾದನೆಯಲ್ಲಲ್ಲ, ತಿಳಿವಳಿಕೆಯಲ್ಲಿ.

ಉತ್ಪಾದನೆಯ ತಳಹದಿ ಈಗಾಗಲೇ ಬಿದ್ದಿದೆ. 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಸಂಸ್ಥೆಯು ಫ್ರೆಂಚ್ ತಳಿಗಳ ದ್ರಾಕ್ಷಿಯಿಂದ ವೈನ್ ತಯಾರಿಸುವ ಉದ್ಯಮಕ್ಕೆ ಅಡಿಪಾಯ ಹಾಕಿತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್‌ಗಾಗಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿತು. ವೈನ್ ಮಂಡಳಿಯೂ ಅಸ್ತಿತ್ವಕ್ಕೆ ಬಂದಿತು. ನಂದಿ ಕಣಿವೆಯಿಂದ ಕೃಷ್ಣಾ ಕಣಿವೆಯವರೆಗೆ ಬೆಳೆಗಾರರು ಮುಂದೆ ಬಂದರು. ಆದರೆ ನೀತಿ, ಪರವಾನಗಿ, ಸುಂಕಗಳ ಬಗ್ಗೆ ನಡೆದಷ್ಟು ಚರ್ಚೆಯು, ಗ್ರಾಹಕನು ವೈನನ್ನು ಅರಿಯುವುದು ಹೇಗೆ ಎಂಬ ಬಗ್ಗೆ ನಡೆಯಲಿಲ್ಲ. ಈ ಅರಿವಿನ ಮೊದಲ ಪಾಠ ಋತುಗಳದ್ದು.

ಶೀತ ದೇಶಗಳಲ್ಲಿ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ; ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ನಡೆಯುತ್ತದೆ. ಇಲ್ಲಿನ ಬಳ್ಳಿಗೆ ಅಂಥ ನಿದ್ರೆಯಿಲ್ಲ. ಅದರ ಪಂಚಾಂಗವನ್ನು ನಿರ್ಧರಿಸುವುದು ರೈತನ ಕತ್ತರಿ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಬಳ್ಳಿಯನ್ನು ಸವರಲಾಗುತ್ತದೆ. ವಿಜಯಪುರ ಭಾಗದ ರೈತರು ಇದನ್ನೇ ಚಾಟ್ನಿ ಎನ್ನುತ್ತಾರೆ. ಮೊದಲನೆಯದು ಬಳ್ಳಿಯನ್ನು ಬಲಪಡಿಸಲು, ಎರಡನೆಯದು ಫಲಕ್ಕಾಗಿ. ಮಳೆಗಾಲದಲ್ಲಿ ಹಣ್ಣು ನಿಂತರೆ ಶಿಲೀಂಧ್ರ ರೋಗಗಳು ಬೆಳೆಯನ್ನು ನುಂಗಿಬಿಡುತ್ತವೆ. ಹೀಗಾಗಿ ವೈನ್ ದ್ರಾಕ್ಷಿಯ ಕೊಯ್ಲು ಮುಖ್ಯವಾಗಿ ಜನವರಿಯಿಂದ ಮಾರ್ಚ್ ಅಂತ್ಯದೊಳಗೆ, ಹಗಲು ಬಿಸಿಲು ಮತ್ತು ರಾತ್ರಿ ತಂಪು ಇರುವ ಕಾಲದಲ್ಲಿ ನಡೆಯುತ್ತದೆ.

ವ್ಯಾಪಾರಿಗೆ ಈ ಕೃಷಿ ಪಾಠ ಏಕೆ ಬೇಕು? ವೈನ್ ಎಂಬುದು ಸೋಪು, ಬೆಂಕಿಪೊಟ್ಟಣಗಳಂತೆ ವರ್ಷವಿಡೀ ಒಂದೇ ಬಗೆಯಲ್ಲಿ ಹೊರಬರುವ ಸರಕಲ್ಲ. ಅದಕ್ಕೆ ಹುಟ್ಟಿದ ವರ್ಷವಿದೆ. ಸಾವಿನ್ಯೋನ್ ಬ್ಲಾಂ, ಶೆನಿನ್ ಬ್ಲಾಂ ಮೊದಲಾದ ದ್ರಾಕ್ಷಿಗಳಿಂದಾದ ಬಿಳಿ ವೈನ್ ಮತ್ತು ಗುಲಾಬಿ ಬಣ್ಣದ ರೋಸೇ ಬಹುಪಾಲು ಎಳೆಯದಾಗಿರುವಾಗಲೇ ಕುಡಿಯಲು ತಯಾರಾದವು. ಕ್ಯಾಬರ್ನೆ ಸಾವಿನ್ಯೋನ್ ಅಥವಾ ಶಿರಾಜ್ ದ್ರಾಕ್ಷಿಯ ಉತ್ತಮ ಕೆಂಪು ವೈನ್ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಪಕ್ವವಾಗಬಲ್ಲದು. ಸೀಸೆಯ ಮೇಲಿನ ವರ್ಷವನ್ನು ಓದಬಲ್ಲ ಅಂಗಡಿಯವನು ಹಳೆಯ ಬಿಳಿ ವೈನನ್ನು ಕಪಾಟಿನಲ್ಲಿ ಉಳಿಸಿಕೊಳ್ಳುವುದಿಲ್ಲ. ‘ಹಳೆಯದಾದಷ್ಟೂ ಶ್ರೇಷ್ಠ’ ಎಂಬ ತಪ್ಪು ನಂಬಿಕೆಯನ್ನು ಗ್ರಾಹಕನಿಗೆ ದಾಟಿಸುವುದೂ ಇಲ್ಲ.

ಬೇಸಿಗೆಯೇ ಈ ವ್ಯಾಪಾರದ ನಿಜವಾದ ಪರೀಕ್ಷೆ. ವೈನ್ ಶೇಖರಣೆಗೆ 12ರಿಂದ 15 ಡಿಗ್ರಿ ಸೆಲ್ಸಿಯಸ್ ಸೂಕ್ತ. ವಿಜಯಪುರ, ಕಲಬುರಗಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಯಲ್ಲಿ ಕೆಲವು ವಾರ ಕಳೆದ ವೈನ್ ತನ್ನ ಹಣ್ಣಿನ ಪರಿಮಳವನ್ನು ಕಳೆದುಕೊಂಡು ಬೇಯಿಸಿದ ರಸದಂತಾಗುತ್ತದೆ. ದ್ರವ ಹಿಗ್ಗಿ ಬಿರಡೆಯೂ ಮೇಲೇಳಬಹುದು. ಮೊದಲ ಬಾರಿಗೆ ವೈನ್ ಕೊಂಡ ಗ್ರಾಹಕನಿಗೆ ಕೆಟ್ಟದ್ದು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ತಿಳಿಯದು. ‘ದೇಶೀಯ ವೈನ್ ಇಷ್ಟೇ’ ಎಂದು ತೀರ್ಮಾನಿಸಿ ಆತ ಮತ್ತೆ ಆ ಕಪಾಟಿನತ್ತ ಬರುವುದಿಲ್ಲ. ಒಂದು ಸೀಸೆಯ ಬೆಲೆಗಿಂತ ಈ ನಷ್ಟ ದೊಡ್ಡದು. ಬೇಸಿಗೆಯಲ್ಲಿ ಸಣ್ಣ ಪ್ರಮಾಣದಲ್ಲಿ ದಾಸ್ತಾನು ತರಿಸುವುದು, ಬೆಳಕು ಬೀಳದ ತಂಪು ಮೂಲೆಯಲ್ಲಿ ಇಡುವುದು, ಸಾಧ್ಯವಾದರೆ ಒಂದು ಶೀತಕ ಕಪಾಟನ್ನು ಹೊಂದುವುದು ದುಂದುವೆಚ್ಚವಲ್ಲ. ಅದು ವ್ಯಾಪಾರದ ವಿಮೆ.

ಆಸ್ವಾದನೆಗೂ ಋತುವಿನ ನಂಟಿದೆ. ಬೇಸಿಗೆಗೆ 8ರಿಂದ 12 ಡಿಗ್ರಿಗೆ ತಂಪಾಗಿಸಿದ ಬಿಳಿ ವೈನ್ ಹಿತ; ಅದರ ಹುಳಿ ಕರಾವಳಿಯ ಮೀನಿಗೆ ನಿಂಬೆರಸದಂತೆ ಒದಗುತ್ತದೆ. ಮಳೆಗಾಲದಲ್ಲಿ ಕೊಡಗಿನ ಪಂದಿ ಕರಿಯಂಥ ಗಟ್ಟಿ ರುಚಿಯ ಊಟಕ್ಕೆ ಶಿರಾಜ್ ಸರಿಜೋಡಿ. ಚಳಿಗಾಲದ ಅವರೆಕಾಳಿನ ಖಾರದ ಸಾರಿಗೆ ತುಸು ಸಿಹಿಯುಳ್ಳ ಶೆನಿನ್ ಬ್ಲಾಂ ಹೊಂದುತ್ತದೆ. ಒಗರು ಹೆಚ್ಚಿರುವ ಕೆಂಪು ವೈನ್ ಮೆಣಸಿನ ಉರಿಯನ್ನು ಕೆರಳಿಸಿದರೆ, ಸಿಹಿ ಅದನ್ನು ತಣಿಸುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯುರೋಪಿನ ತಂಪು ಮನೆಗಳಿಗೆ ಸಲ್ಲುವಂಥದ್ದು. ಇಲ್ಲಿನ ಏಪ್ರಿಲ್‌ನಲ್ಲಿ ಅದಕ್ಕೂ ಸ್ವಲ್ಪ ಹೊತ್ತು ತಂಪು ಬೇಕು. ಇಷ್ಟನ್ನು ಹೇಳಬಲ್ಲ ಹೋಟೆಲ್ ಅಥವಾ ಅಂಗಡಿಯ ಮೇಲೆ ಗ್ರಾಹಕನ ವಿಶ್ವಾಸ ತಾನಾಗಿ ಬೆಳೆಯುತ್ತದೆ.

ಋತುವನ್ನೇ ವ್ಯಾಪಾರವಾಗಿಸಿದ ಉದಾಹರಣೆ ಫ್ರಾನ್ಸಿನ ಬೋಜೊಲೇ ಪ್ರದೇಶದಲ್ಲಿದೆ. ಕೊಯ್ಲಾದ ಕೆಲವೇ ವಾರಗಳಲ್ಲಿ ಸಿದ್ಧವಾಗುವ ಅಲ್ಲಿನ ಹೊಸ ವೈನ್ ಪ್ರತಿ ವರ್ಷ ನವೆಂಬರ್ ತಿಂಗಳ ಮೂರನೆಯ ಗುರುವಾರ ಬಿಡುಗಡೆಯಾಗುತ್ತದೆ. 1985ರಿಂದ ಈ ಪದ್ಧತಿ ನಿಶ್ಚಿತವಾಗಿದೆ. ಅದೇನೂ ಅತಿ ದುಬಾರಿ ವೈನಲ್ಲ. ಆದರೂ ‘ಈ ವರ್ಷದ ಫಸಲು ಬಂದಿದೆ’ ಎಂಬ ಒಂದೇ ಸುದ್ದಿ ಬೆಳೆಗಾರನಿಂದ ಗ್ರಾಹಕನವರೆಗೆ ಎಲ್ಲರನ್ನೂ ಒಂದು ದಿನಕ್ಕೆ ಕಟ್ಟಿಹಾಕುತ್ತದೆ. ಕರ್ನಾಟಕದ ಹೊಸ ಬಿಳಿ ವೈನ್ ಕೊಯ್ಲಿನ ಕೆಲವು ತಿಂಗಳ ನಂತರ ಪೇಟೆಗೆ ಬರುವಾಗ ಅಂಥ ಯಾವ ಸಂಭ್ರಮವೂ ಇಲ್ಲ. ಮಾವಿನ ಹಣ್ಣಿನ ಋತುವಿಗೆ ಕಾಯುವ ಜನರಿಗೆ ಫಸಲಿನ ಮೊದಲ ರುಚಿಯ ಬೆಲೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಮದ್ಯವನ್ನು ಪ್ರೋತ್ಸಾಹಿಸುವುದು ಸರಿಯೇ ಎಂಬ ಆಕ್ಷೇಪ ಇಲ್ಲಿ ಸಹಜ, ಅದನ್ನು ತಳ್ಳಿಹಾಕಲಾಗದು. ಮದ್ಯದ ಯಾವ ಪ್ರಮಾಣವೂ ಪೂರ್ಣ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ವೈನನ್ನು ಆರೋಗ್ಯದ ಹೆಸರಿನಲ್ಲಿ ಮಾರುವುದು ಅಪ್ರಾಮಾಣಿಕ. ಕುಡಿಯದವರನ್ನು ಕುಡಿತಕ್ಕೆ ಎಳೆಯುವುದು ವ್ಯಾಪಾರಿಯ ಕೆಲಸವಲ್ಲ. ಕೊಳ್ಳುವ ವಯಸ್ಕನಿಗೆ ಕೆಡದ ಸರಕನ್ನು ಕೊಟ್ಟು, ಊಟದೊಂದಿಗೆ ಮಿತವಾಗಿ ಸವಿಯುವ ಬಗೆಯನ್ನು ತಿಳಿಸುವುದು ಮಾತ್ರ ಆತನ ಹೊಣೆ. ಮತ್ತಿಗಾಗಿ ಕುಡಿಯುವವನಿಗೆ ಋತುವೂ ಬೇಕಿಲ್ಲ, ರುಚಿಯೂ ಬೇಕಿಲ್ಲ. ರುಚಿಯನ್ನು ಕಲಿತವನು ಅವಸರಪಡುವುದಿಲ್ಲ.

ಈ ಕಲಿಕೆಯ ಹಿಂದೆ ರೈತನ ಬದುಕಿದೆ. ವೈನ್ ದ್ರಾಕ್ಷಿ ಗಾತ್ರದಲ್ಲಿ ಚಿಕ್ಕದು, ಬೀಜ ಮತ್ತು ದಪ್ಪ ಸಿಪ್ಪೆಯುಳ್ಳದ್ದು. ಹಣ್ಣಿನ ಪೇಟೆಯಲ್ಲಾಗಲಿ ಒಣದ್ರಾಕ್ಷಿಯ ಶೆಡ್ಡಿನಲ್ಲಾಗಲಿ ಅದಕ್ಕೆ ಗಿರಾಕಿಯಿಲ್ಲ. 2008ರ ಆರ್ಥಿಕ ಕುಸಿತ ಮತ್ತು ಮುಂಬಯಿ ದಾಳಿಯ ನಂತರ ಹೋಟೆಲ್ ವ್ಯವಹಾರ ಕುಗ್ಗಿ ವೈನ್ ಮಾರಾಟ ಬಿದ್ದಾಗ, ನೆರೆಯ ನಾಸಿಕ್ ಭಾಗದಲ್ಲಿ ಅನೇಕ ಬೆಳೆಗಾರರು ಬಳ್ಳಿಗಳನ್ನೇ ಕಿತ್ತುಹಾಕಬೇಕಾಯಿತು. ಪ್ರವಾಸಿಗರನ್ನೂ ಪಂಚತಾರಾ ಹೋಟೆಲುಗಳನ್ನೂ ನೆಚ್ಚಿದ ಪೇಟೆ ಎಷ್ಟು ದುರ್ಬಲ ಎಂಬುದಕ್ಕೆ ಆ ವರ್ಷಗಳೇ ಸಾಕ್ಷಿ. ತಿಳಿದು ಕೊಳ್ಳುವ ಸ್ಥಳೀಯ ಗ್ರಾಹಕನೇ ಗಟ್ಟಿ ಆಸರೆ.

ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ದೇಶದಲ್ಲಿ ಆ ತಿಳಿವಳಿಕೆ ಅಂಗಡಿಯ ಕಟ್ಟೆಯಿಂದಲೇ ಹೊರಡಬೇಕು. ವಾಣಿಜ್ಯ ಸಂಸ್ಥೆಗಳು ವೈನ್ ಮಂಡಳಿಯೊಡನೆ ಸೇರಿ, ಬೇಸಿಗೆ ಆರಂಭವಾಗುವ ಮುನ್ನ ಚಿಲ್ಲರೆ ಮಾರಾಟಗಾರರಿಗೂ ಹೋಟೆಲ್ ಸಿಬ್ಬಂದಿಗೂ ಒಂದು ದಿನದ ಶೇಖರಣಾ ತರಬೇತಿ ಏರ್ಪಡಿಸಬಹುದು. ಸಣ್ಣ ಸೀಸೆ, ರಟ್ಟಿನ ಪೆಟ್ಟಿಗೆ, ಲೇಬಲ್ ತಯಾರಕರನ್ನು ಕೊಯ್ಲಿಗೆ ಮುಂಚೆಯೇ ವೈನ್ ಉತ್ಪಾದಕರೊಂದಿಗೆ ಒಂದೆಡೆ ಕೂರಿಸಿದರೆ ಅವರ ಬೇಡಿಕೆಗೂ ಒಂದು ಕ್ರಮ ಬರುತ್ತದೆ. ಬರುವ ಮಾರ್ಚ್‌ನಲ್ಲಿ ಒಂದು ಜಿಲ್ಲೆಯಲ್ಲಿ ಇದನ್ನು ಆರಂಭಿಸಿದರೂ, ಆ ಜಿಲ್ಲೆಯ ‘ವೈನ್ಸ್’ ಫಲಕಗಳು ತಮ್ಮ ಹೆಸರಿಗೆ ತಕ್ಕ ಸರಕನ್ನು ಇಡಲು ತೊಡಗುತ್ತವೆ.