ದಂಪತಿ ನಡುವೆ ಸ್ನೇಹಿತ: ಒಪ್ಪಿಗೆ ಯಾರದು, ಹೊಣೆ ಯಾರದು?

ಬೆಂಗಳೂರು: ಪತಿ-ಪತ್ನಿ ಇಬ್ಬರೂ ಒಪ್ಪಿ, ಆತ್ಮೀಯ ಸ್ನೇಹಿತನನ್ನೋ ಸ್ನೇಹಿತೆಯನ್ನೋ ತಮ್ಮ ಖಾಸಗಿ ಸಂಬಂಧದೊಳಗೆ ಸೇರಿಸಿಕೊಂಡರೆ ಅದು ಅಪರಾಧವೇ? ಅಲ್ಲ. ವಯಸ್ಕರು ಸ್ವಇಚ್ಛೆಯಿಂದ, ಖಾಸಗಿಯಾಗಿ ನಡೆಸುವ ಸಂಬಂಧಕ್ಕೆ ಇಂದು ದಂಡನೆ ಇಲ್ಲ. ಆದರೆ ಅಪರಾಧವಲ್ಲದ್ದೆಲ್ಲ ನಿರಪಾಯಕಾರಿ ಎಂದು ನಂಬಿ ಹೆಜ್ಜೆ ಇಡುವ ದಂಪತಿಗೆ ಮುಂದೆ ಕೌಟುಂಬಿಕ ನ್ಯಾಯಾಲಯದಲ್ಲಿ ಬೇರೆಯೇ ಉತ್ತರ ಸಿಗಬಹುದು.

ಪತಿಯ ಒಪ್ಪಿಗೆಗೆ ಮಾತ್ರ ಬೆಲೆ

1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನ ಪ್ರಕಾರ, ವಿವಾಹಿತೆಯೊಡನೆ ಸಂಬಂಧ ಬೆಳೆಸಿದ ಪರಪುರುಷನಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಆಕೆಯ ಪತಿ ಒಪ್ಪಿದ್ದರೆ ಮಾತ್ರ ಅದು ಅಪರಾಧವಾಗುತ್ತಿರಲಿಲ್ಲ! ಪತ್ನಿಯ ಇಚ್ಛೆ ಲೆಕ್ಕಕ್ಕೇ ಇರಲಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 497ನೇ ಕಲಮನ್ನೇ ರದ್ದುಪಡಿಸಿತು. ಸ್ತ್ರೀ-ಪುರುಷರಿಬ್ಬರಿಗೂ ಸಮಾನವಾಗಿ ಅನ್ವಯಿಸುವಂತೆ ಅದನ್ನು ಮತ್ತೆ ತರಬೇಕೆಂದು ಸಂಸದೀಯ ಸ್ಥಾಯಿ ಸಮಿತಿ 2023ರಲ್ಲಿ ಶಿಫಾರಸು ಮಾಡಿತಾದರೂ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ.

ವಿಚ್ಛೇದನದ ಕಟಕಟೆಯಲ್ಲಿ

ಆದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ವ್ಯಭಿಚಾರ ಇಂದಿಗೂ ವಿಚ್ಛೇದನಕ್ಕೆ ಆಧಾರ. ಅದೇ ಕಾಯ್ದೆಯ 23ನೇ ಕಲಂ ಮತ್ತೊಂದು ಮಾತನ್ನೂ ಹೇಳುತ್ತದೆ: ಸಂಗಾತಿಯ ಅಂಥ ಕೃತ್ಯಕ್ಕೆ ತಾನೇ ಸಹಕರಿಸಿದವರು ಅಥವಾ ಅದನ್ನು ಕ್ಷಮಿಸಿದವರು ಅದೇ ಕಾರಣ ಮುಂದೊಡ್ಡಿ ವಿಚ್ಛೇದನ ಪಡೆಯುವಂತಿಲ್ಲ. ಅಂದರೆ ಅಂದು ಒಪ್ಪಿದ್ದು ನಿಜವೇ ಎಂಬುದೇ ಮುಂದೆ ವ್ಯಾಜ್ಯದ ತಿರುಳಾಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತಿಗೆ ಸಾಕ್ಷಿ ಯಾರು?

ಈ ಪ್ರಶ್ನೆ ಹೆಚ್ಚು ಕಾಡುವುದು ಪತ್ನಿಯನ್ನೇ. 'ವ್ಯಭಿಚಾರದಲ್ಲಿ ಬದುಕುತ್ತಿರುವ' ಪತ್ನಿಗೆ ಜೀವನಾಂಶವಿಲ್ಲ ಎಂಬ ನಿಯಮ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ ಉಳಿದುಕೊಂಡಿದೆ. ಒಂದೆರಡು ಘಟನೆಗಳಷ್ಟೇ ಇದಕ್ಕೆ ಸಾಲವು, ನಿರಂತರ ಸಂಬಂಧವಿರಬೇಕು ಎಂದು ಹಲವು ಹೈಕೋರ್ಟುಗಳು ಹೇಳಿವೆಯಾದರೂ, ಆರೋಪದ ಹೊರೆಯಂತೂ ಆಕೆಯ ಮೇಲೆಯೇ.

ಮನವೊಲಿಕೆಯೋ, ಒತ್ತಾಯವೋ?

2022ರ ಜನವರಿಯಲ್ಲಿ ಕೇರಳದಲ್ಲಿ ಗೃಹಿಣಿಯೊಬ್ಬರು, ಪತಿಯೇ ತನ್ನನ್ನು ಪರಪುರುಷರ ಬಳಿಗೆ ದೂಡಿದನೆಂದು ಪೊಲೀಸರಿಗೆ ದೂರಿತ್ತಾಗ ಇಂಥ ವ್ಯವಹಾರಗಳ ಕರಾಳ ಮುಖ ಬಯಲಾಯಿತು. ನ್ಯಾಯ ಸಂಹಿತೆಯ 63ನೇ ಕಲಮಿನ ಪ್ರಕಾರ ಸಮ್ಮತಿ ಸ್ಪಷ್ಟವಾಗಿರಬೇಕು, ಸ್ವಇಚ್ಛೆಯದಾಗಿರಬೇಕು. ಪ್ರತಿಭಟಿಸಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಂತಲ್ಲ. ಪತ್ನಿಯ ಪರವಾಗಿ ಪತಿ ಕೊಡುವ ಒಪ್ಪಿಗೆ ಸ್ನೇಹಿತನನ್ನು ಅತ್ಯಾಚಾರದ ಆರೋಪದಿಂದ ಕಾಪಾಡಲಾರದು. ಒಪ್ಪಿ ತೆಗೆಸಿಕೊಂಡ ಚಿತ್ರವನ್ನೂ ಒಪ್ಪಿಗೆಯಿಲ್ಲದೆ ಹಂಚಿದರೆ ಶಿಕ್ಷೆಯುಂಟು.

ಇನ್ನು ಸ್ನೇಹಿತನ ಸ್ಥಿತಿ? ಮಗು ಜನಿಸಿದರೆ, ಪತಿ-ಪತ್ನಿ ಕೂಡುವ ಅವಕಾಶವೇ ಇರಲಿಲ್ಲವೆಂದು ಸಾಬೀತಾಗದ ಹೊರತು, ಕಾನೂನಿನ ದೃಷ್ಟಿಯಲ್ಲಿ ಪತಿಯೇ ತಂದೆ. ಆಸ್ತಿಯಲ್ಲಿ, ಮನೆಯಲ್ಲಿ ಸ್ನೇಹಿತನಿಗೆ ಯಾವ ಹಕ್ಕೂ ಇಲ್ಲ.

ಸುಪ್ರೀಂ ಕೋರ್ಟ್ ತೀರ್ಪು ಪತ್ನಿ ಪತಿಯ ಸೊತ್ತಲ್ಲ ಎಂದು ಸಾರಿತು. ಹಾಗಾಗಿ ಮೂರನೆಯವರನ್ನು ಕರೆಯುವ ಮುನ್ನ ದಂಪತಿ ಕೇಳಿಕೊಳ್ಳಬೇಕಾದ ಪ್ರಶ್ನೆ 'ಕಾನೂನು ಬಿಡುತ್ತದೆಯೇ' ಎಂಬುದಲ್ಲ. 'ಬೇಡ' ಎನ್ನುವ ಸ್ವಾತಂತ್ರ್ಯ ಮೂವರಿಗೂ, ಯಾವ ಕ್ಷಣದಲ್ಲೂ ಇದೆಯೇ ಎಂಬುದು.